ಮೂರೆಲೆಯ ಕಾಡುಸಾಸಿವೆ

ಗದಗಿನ ಕಡೆಯ ಎರೆಭೂಮಿಯಲ್ಲಿ ಹುಟ್ಟಿ ಬೆಳೆದ ನಾನು ಬೆಟ್ಟದ ಹೂಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ಕೊಯಮತ್ತೂರಿಗೆ ಹೊರಟಾಗ ಅವ್ವ ಕೇಳಿದ್ದು ಒಂದೇ ಮಾತು: "ಅಲ್ಲೆ ಕನ್ನಡ ಮಾತಾಡೋರು ಯಾರರ ಅದಾರೇನು?"

ಇದ್ದರು. ನನಗೆ ಗೈಡ್ ಆಗಿ ಸಿಕ್ಕ ಪ್ರೊಫೆಸರ್ ಮೇಡಂ ಪೊಲ್ಲಾಚಿ ಹತ್ತಿರದ ನೆಗಮಂ ಎಂಬ ಊರಿನ ನೇಕಾರರ ಮನೆಯವರು. ಅವರ ಹಿರಿಯರು ಯಾವ ಕಾಲದಲ್ಲಿ ಕನ್ನಡನಾಡು ಬಿಟ್ಟರೋ ಅವರಿಗೇ ಗೊತ್ತಿರಲಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಓದಲು ಬಾರದು. ಸಂದರ್ಶನದ ದಿನ ನನ್ನ ಊರಿನ ಹೆಸರು ನೋಡಿದವರೇ, ಪಕ್ಕದಲ್ಲಿ ಕೂತಿದ್ದ ಇಬ್ಬರು ಮೇಷ್ಟರಿಗೆ ತಿಳಿಯದ ಹಾಗೆ, "ಕನ್ನಡದ ಹುಡುಗಿಯಾ? ಬಾ ಅಮ್ಮಣಿ, ಭಯಪಡ್ಬೇಡ, ಕೂತ್ಕೋ" ಅಂದರು. ಆ ಕಡೆ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಹಾಗೆಯೇ ಕರೆಯುತ್ತಾರೆ, ಅಮ್ಮಣಿ ಅಂತ. ಊರು ಬಿಟ್ಟು ಬಂದವಳಿಗೆ ಆ ಒಂದು ಪದ ಸಾಕಾಯಿತು. ಅವರ ಕೈಕೆಳಗೆ ಸೇರಿದ ವಿದ್ಯಾರ್ಥಿಗಳು ಯಾಕೆ ಅರ್ಧಕ್ಕೇ ಬಿಟ್ಟುಹೋಗುತ್ತಾರೆ ಅಂತ ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಕಾರಣ ಒಂದು ಗಿಡ. ಮೊಣಕಾಲಿನ ಎತ್ತರವೂ ಬಾರದ ಗಿಡ.

ವಾಲ್ಪಾರೈ ಬೆಟ್ಟದ ಮೇಲೆ, ಚಹಾ ತೋಟಗಳು ಮುಗಿದು ಶೋಲಾ ಕಾಡು ಶುರುವಾಗುವ ಕಡೆ, ಝರಿಗಳ ಪಕ್ಕದ ತೇವದಲ್ಲಿ ಸಾಸಿವೆಯ ಕುಟುಂಬದ ಕೆಲವು ಸಣ್ಣ ಗಿಡಗಳು ಬೆಳೆಯುತ್ತವೆ. ಹೆಚ್ಚಿನವರು ಅವುಗಳನ್ನು ತುಳಿದುಕೊಂಡೇ ಹೋಗುತ್ತಾರೆ. ನಾಲ್ಕು ಎಸಳಿನ ಬಿಳಿ ಹೂವು ನೋಡಿದರೆ ಮಾತ್ರ, ಅಡುಗೆಮನೆಯ ಸಾಸಿವೆಗೂ ಇದಕ್ಕೂ ನಂಟಿದೆ ಅನ್ನಿಸುತ್ತದೆ. ಅಲ್ಲಿನ ಎರಡು ಜಾತಿಗಳಿಗೆ ನಾನೂ ಮೇಡಮ್ಮೂ ನಮ್ಮದೇ ಹೆಸರಿಟ್ಟುಕೊಂಡಿದ್ದೆವು. ಒಂದು ಮೂರೆಲೆ. ಅದರ ಪ್ರತಿ ಎಲೆಯೂ ಮೂರು ಕಿರುಎಲೆಗಳಾಗಿ ಸೀಳಿರುತ್ತದೆ, ನೆಲದೊಳಗೆ ದಪ್ಪ ಬೇರುಕಾಂಡ ಇಟ್ಟುಕೊಂಡು ವರ್ಷಗಟ್ಟಲೆ ಬದುಕುತ್ತದೆ, ಕಾಯಿ ನುಣುಪು. ಇನ್ನೊಂದು ಕೂದಲುಕಾಯಿ. ಅದಕ್ಕೆ ಒಂದೇ ಮಳೆಗಾಲದ ಆಯುಸ್ಸು. ಎಲೆಗೆ ಐದೋ ಏಳೋ ಕಿರುಎಲೆ, ಹೂವು ಇದ್ದೂ ಇಲ್ಲದ ಹಾಗೆ, ಸೂಜಿಯಂಥ ಕಾಯಿಯ ಮೈತುಂಬ ಸಣ್ಣ ರೋಮ. ಇಷ್ಟಾದರೆ ಗುರುತು ಹಿಡಿಯುವುದು ಕಷ್ಟವಲ್ಲ.

ಆದರೆ ಮೇಡಂ ವಿದ್ಯಾರ್ಥಿನಿಯಾಗಿದ್ದಾಗ ಒಂದು ಕತ್ತಲೆ ಕಣಿವೆಯಲ್ಲಿ ಮೂರನೆಯದನ್ನು ಕಂಡಿದ್ದರು. ಎಲೆ ಮೂರು, ಕಾಯಿಗೆ ರೋಮ. ಅಕ್ಕನ ಮುಖ, ತಂಗಿಯ ಮೈ. ಅವತ್ತು ಕಿತ್ತು ತಂದು ಒಣಗಿಸಿದ ತುಂಡುಗಳಲ್ಲಿ ಬೇರು ಇರಲಿಲ್ಲ. ಇದು ಯಾರೂ ಹೆಸರಿಡದ ಹೊಸ ಜಾತಿ ಎಂದು ಅವರು ಅಂದೇ ನಂಬಿದರು. ಆಗ ಅವರ ಗೈಡ್ ನಕ್ಕು ಪಕ್ಕಕ್ಕೆ ಸರಿಸಿದರಂತೆ. ಆ ನಗು ಮೇಡಂ ಮನಸ್ಸಿನೊಳಗೆ ಹಾಗೇ ಕೂತುಬಿಟ್ಟಿತು. ಮುಂದೆ ತಾವೇ ಪ್ರೊಫೆಸರ್ ಆದ ಮೇಲೆ ಬಂದ ಪ್ರತಿ ವಿದ್ಯಾರ್ಥಿಗೂ ಕೊಟ್ಟದ್ದು ಇದೇ ಕೆಲಸ: ಅದು ಹೊಸ ಜಾತಿಯೆಂದು ಸಾಧಿಸಿ ತೋರಿಸುವುದು.

ಹೆಸರೂ ಸಿದ್ಧವಾಗಿತ್ತು. ಅವರ ಅಮ್ಮನ ಹೆಸರು.

ನಾನು ಆ ಅಮ್ಮನನ್ನು ಮೊದಲು ಕಂಡದ್ದು ನನಗೆ ಡೆಂಗಿ ಬಂದಾಗ. ಹಾಸ್ಟೆಲ್‌ನಲ್ಲಿ ಒಬ್ಬಳೇ ಬಿದ್ದುಕೊಂಡಿದ್ದವಳನ್ನು ಮೇಡಂ ಕಾರಿಗೆ ಹಾಕಿಕೊಂಡು ನೇರ ನೆಗಮಂಗೆ ಕರೆದೊಯ್ದರು. ಮುಂದಿನ ಕೋಣೆಯಲ್ಲಿ ಅವರ ತಮ್ಮನ ಮಗ್ಗ, ಹಿಂದಿನ ಕೋಣೆಯಲ್ಲಿ ನನ್ನ ಹಾಸಿಗೆ. ಜ್ವರದಲ್ಲಿ ದಿನವಿಡೀ ಲಾಳಿಯ ಸದ್ದು ಕೇಳುತ್ತಿದ್ದೆ. ಅಮ್ಮ ಗಂಜಿ ತಂದು ಕುಡಿಸುತ್ತಿದ್ದರು. ಮಗಳನ್ನು ಓದಿಸಲು ಅವರು ಯೌವನವನ್ನೆಲ್ಲ ಆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕಳೆದವರು. ಈಗ ಬೆನ್ನು ಬಾಗಿತ್ತು. ನಾನು ಸ್ವಲ್ಪ ಚೇತರಿಸಿಕೊಂಡ ದಿನ ಪಕ್ಕದಲ್ಲಿ ಕೂತು ಕೇಳಿದರು: "ಬೆಟ್ಟದಲ್ಲಿ ನನ್ ಹೆಸ್ರು ಇಡ್ತೀರಂತಲ್ಲ, ಆ ಪೂ, ಎಪ್ಪ ಬರ್ತದೆ ಕಣ್ಣು?" ಅವರ ಕನ್ನಡದಲ್ಲಿ ಹೂ ಪೂ ಆಗಿತ್ತು, ಯಾವಾಗ ಎಪ್ಪ ಆಗಿತ್ತು; ಕಣ್ಣು ಅಂದದ್ದು ನನ್ನನ್ನೇ, ಮುದ್ದಿಗೆ.

"ಬರ್ತದಮ್ಮ" ಅಂದೆ. ಮತ್ತೇನು ಹೇಳಲಿ?

ಆ ಹೊತ್ತಿಗೆ ನನಗೆ ಅನುಮಾನ ಶುರುವಾಗಿತ್ತು. ಮೇಡಂ ತೋರಿಸಿದ ಕಣಿವೆಯಲ್ಲೇ ನಾನು ಬೇರುಸಮೇತ ಕಿತ್ತ ಗಿಡಗಳಿಗೆ ದಪ್ಪ ಬೇರುಕಾಂಡ ಇರಲಿಲ್ಲ. ದಾರದಂಥ ಬೇರು, ಥೇಟು ಕೂದಲುಕಾಯಿಯದರ ಹಾಗೆ. ಬೀಜ, ಹೂವಿನ ಅಳತೆ, ಕಾಯಿಯ ರೋಮ ಎಲ್ಲವೂ ಅದರ ಹಾಗೆಯೇ. ಬೇರೆಯಾಗಿದ್ದದ್ದು ಎಲೆ ಮಾತ್ರ. ಹೇಳಿದರೆ ಮೇಡಂ ಹತ್ತಿರ ಉತ್ತರ ತಯಾರಿರುತ್ತಿತ್ತು. "ಬೇರು ಸಣ್ಣದಿದೆ, ಮೇಡಂ" ಅಂದರೆ, "ಅದಕ್ಕೇ ತಾನೆ ಅಮ್ಮಣಿ ಹೊಸದು ಅನ್ನೋದು? ಮೂರೆಲೆಗೆ ಇಂಥ ಬೇರು ಎಲ್ಲಿದೆ?" ಅನ್ನುವರು. "ಕೂದಲುಕಾಯಿಗೇ ಹತ್ತಿರ ಅನ್ನಿಸ್ತದೆ" ಅಂದರೆ, "ಕೂದಲುಕಾಯಿಗೆ ಮೂರೇ ಎಲೆ ಎಲ್ಲಾದ್ರೂ ಕಂಡಿದ್ಯಾ? ಇನ್ನೂ ನೋಡು. ಅವಸರ ಬೇಡ." ಮತ್ತೆ ಒಂದು ಮಳೆಗಾಲ. ಮತ್ತೆ ಒಂದು ಕಟ್ಟು ಒಣಗಿಡ.

ಹರ್ಬೇರಿಯಂ ಎಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಇಡುವ ಕೋಣೆ. ನಮ್ಮದರಲ್ಲಿ ಒಳಗಿನ ಕಿಟಕಿಗಳನ್ನು ಬೀರುಗಳು ಮುಚ್ಚಿದ್ದವು. ನುಸಿಗುಳಿಗೆಯ ವಾಸನೆ ಸೀರೆಗೆ, ಕೂದಲಿಗೆ, ಊಟದ ಡಬ್ಬಿಗೆ ಹತ್ತಿರುತ್ತಿತ್ತು. ಬೆಳಿಗ್ಗೆ ಹೋಗಿ ಕೂತರೆ ಮಧ್ಯಾಹ್ನವೋ ಸಂಜೆಯೋ ತಿಳಿಯುತ್ತಿರಲಿಲ್ಲ. ನನ್ನ ಜೊತೆ ಸೇರಿದವರೆಲ್ಲ ಮುಗಿಸಿ ಕೆಲಸ ಹಿಡಿದರು. ಅವ್ವ ಫೋನಿನಲ್ಲಿ ಮೊದಮೊದಲು "ಯಾವಾಗ ಮುಗೀತದ?" ಅನ್ನುತ್ತಿದ್ದವಳು ಬರಬರುತ್ತ ಕೇಳುವುದನ್ನೇ ಬಿಟ್ಟಳು. ಒಮ್ಮೆ ಮಾತ್ರ ಅಂದಳು: "ಯವ್ವಾ, ನಿನ್ನ ಯಾರರ ಅಲ್ಲೆ ಕಟ್ಟಿ ಹಾಕ್ಯಾರೇನು? ಬಿಟ್ಟು ಬಂದುಬಿಡು." ಕಟ್ಟಿ ಹಾಕಿದ್ದರೆ ಹಗ್ಗ ಬಿಚ್ಚಿಕೊಂಡು ಬರಬಹುದಿತ್ತು. ಗಂಜಿ ಕುಡಿಸಿದ್ದರು.

ಗೈಡ್ ಬದಲಿಸಿಕೊಡಿ ಎಂದು ಕೇಳಿಕೊಂಡು ಇನ್ನೊಬ್ಬ ಮೇಷ್ಟರ ಹತ್ತಿರ ಹೋದೆ. ಅವರು ಬಾಗಿಲು ಮುಚ್ಚಿ, ಮೆತ್ತಗೆ, ಅರ್ಧ ತಮಿಳು ಅರ್ಧ ಇಂಗ್ಲಿಷಿನಲ್ಲಿ ಬುದ್ಧಿ ಹೇಳಿದರು. ಬದಲಿಸಿದರೆ ಮೊದಲಿನಿಂದ ಶುರು ಮಾಡಬೇಕು. ಮೇಡಂ ಹೊಸದು ಅಂತಾರಾ, ನೀನೂ ಹೊಸದು ಅಂತ ಬರಿ. ಮುಂದೆ ಯಾರೋ ಬಂದು ಅದು ಹಳೆಯದೇ ಅಂತ ತೋರಿಸಿದರೆ ತೋರಿಸಲಿ. ಅಷ್ಟು ಹೊತ್ತಿಗೆ ನಿನಗೆ ಡಿಗ್ರಿ ಬಂದಿರುತ್ತದೆ, ಅವರು ನಿವೃತ್ತರಾಗಿರುತ್ತಾರೆ. ಯಾರಿಗೆ ನಷ್ಟ?

ಎಷ್ಟೋ ದಿನ ಅದನ್ನೇ ಮಾಡಿಬಿಡೋಣ ಅಂತಲೂ ಇದ್ದೆ. ಬರೆಯಲು ಕೂತರೆ ಮೊದಲ ಸಾಲಿನಲ್ಲೇ, ಈ ಜಾತಿಯನ್ನು ಅದರ ಹತ್ತಿರದ ಬಂಧುಗಳಿಂದ ಬೇರ್ಪಡಿಸುವ ಲಕ್ಷಣ ಇಂಥದ್ದು ಅಂತ ಹೇಳಬೇಕು. ಅಲ್ಲಿಗೆ ಬಂದು ಕೈ ನಿಲ್ಲುತ್ತಿತ್ತು.

ಮೇಡಂ ನಿವೃತ್ತಿಗೆ ಮುಂಚಿನ ಮಳೆಗಾಲ. ಇದೇ ಕೊನೆಯ ಸಲ ಎಂದು ಆಗಸ್ಟಿನಲ್ಲಿ ಇಬ್ಬರೂ ವಾಲ್ಪಾರೈ ಹತ್ತಿದೆವು. ಜೂನ್ ಮೊದಲಿಗೆ ನಾನೊಬ್ಬಳೇ ಹೋಗಿ ಕಣಿವೆಯಲ್ಲಿ ಮೂರೆಲೆ ಬಿಟ್ಟಿದ್ದ ಎಳೆಯ ಗಿಡಗಳ ಬುಡಕ್ಕೆ ನೂಲು ಕಟ್ಟಿ ಬಂದಿದ್ದೆ. ನೆಗಮಂ ಮಗ್ಗದಲ್ಲಿ ಉಳಿದ ಕೆಂಪು ನೂಲಿನ ತುಂಡುಗಳು. ಈಗ ಅವು ಕಾಯಿ ಬಿಟ್ಟಿರಬೇಕು. ಎಸ್ಟೇಟಿನವರು ತೋಟದ ಕೆಲಸಗಾರರ ಲೈನ್ ಮನೆಗಳ ತುದಿಯಲ್ಲಿ ಖಾಲಿಯಿದ್ದ ಒಂದು ಕ್ವಾರ್ಟರ್ಸ್ ಕೊಟ್ಟಿದ್ದರು. ಮೇಡಂಗೆ ಮಂಡಿನೋವು, ಜಾರುವ ಕಣಿವೆಗೆ ಇಳಿಯುವ ಹಾಗಿರಲಿಲ್ಲ. ನಾನು ಅರಣ್ಯ ಇಲಾಖೆಯ ವಾಚರ್ ಒಬ್ಬರ ಜೊತೆ ಬೆಳಕು ಹರಿಯುತ್ತಲೇ ಹೊರಟೆ.

ಕಣಿವೆಯ ಬಾಯಿಗೆ ಬಂದಾಗ ನಾನು ದಾರಿ ತಪ್ಪಿದೆನೇನೋ ಅಂದುಕೊಂಡೆ. ಅಲ್ಲಿ ಕತ್ತಲೆ ಇರಲಿಲ್ಲ. ಝರಿಯ ಮೇಲೆ ಕವಿದಿದ್ದ ದೊಡ್ಡ ಮರ ಬೇರುಸಹಿತ ಉರುಳಿ, ತನ್ನ ಜೊತೆ ಇನ್ನೂ ಕೆಲವನ್ನು ಎಳೆದುಕೊಂಡು ಬಿದ್ದಿತ್ತು. ಜೂನ್ ಕೊನೆಯ ಗಾಳಿಗೆ ಬಿತ್ತು ಅಂತ ವಾಚರ್ ಹೇಳಿದರು. ಆಕಾಶ ನೇರ ನೆಲಕ್ಕೆ ಇಳಿದಿತ್ತು. ನಾನು ಜಿಗಣೆಗಳನ್ನೂ ಮರೆತು ಮಂಡಿಯೂರಿ ಕೆಂಪು ನೂಲು ಹುಡುಕತೊಡಗಿದೆ.

ಮೊದಲ ಗಿಡ ಸಿಕ್ಕಿತು. ಬುಡದಲ್ಲಿ ನೂಲು. ನೂಲಿನ ಮೇಲಿನ ಹಳೆಯ ಎಲೆಗಳು ಹಳದಿಗೆ ತಿರುಗಿದ್ದವು, ಮೂರು ಮೂರು ಕಿರುಎಲೆ. ಅದೇ ಕಾಂಡದಲ್ಲಿ, ಇನ್ನೂ ಮೇಲೆ, ಮರ ಬಿದ್ದ ಮೇಲೆ ಮೂಡಿದ ಎಲೆಗಳು ಹಸಿರಾಗಿ ನಿಂತಿದ್ದವು. ಐದು ಕಿರುಎಲೆ. ತುದಿಯಲ್ಲಿ ಒಂದಕ್ಕೆ ಏಳು. ಅದರ ಮೇಲೆ ರೋಮದ ಕಾಯಿಗಳು.

ಎರಡನೆಯ ಗಿಡವೂ ಹಾಗೆಯೇ. ಮೂರನೆಯದೂ. ಬಿದ್ದ ಮರದ ಅಡಿಯ ನೆರಳಿನಲ್ಲಿ ಉಳಿದುಕೊಂಡಿದ್ದ ಒಂದೆರಡು ಗಿಡಗಳು ಮಾತ್ರ ಇನ್ನೂ ಮೂರೆಲೆಯಲ್ಲೇ ಇದ್ದವು. ಅಂದರೆ ಮೇಡಂ ಕಂಡದ್ದು ಕತ್ತಲೆಯಲ್ಲಿ ಬೆಳೆದ ಕೂದಲುಕಾಯಿಯನ್ನೇ. ಬೆಳಕು ಸಾಲದೆ ಅದು ಎಲೆಗಳನ್ನು ಪೂರ್ತಿ ಬಿಡಿಸಿಕೊಂಡಿರಲಿಲ್ಲ, ಅಷ್ಟೆ.

ಇಂಥ ಗಳಿಗೆಯಲ್ಲಿ ಸಂತೋಷವಾಗಬೇಕು. ನನಗೆ ಆಗಲಿಲ್ಲ. ಒಂದು ಗಿಡವನ್ನು ಬೇರುಸಮೇತ, ನೂಲುಸಮೇತ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡೆ. ವಾಪಸು ಬರುವಾಗ ದಾರಿಯುದ್ದಕ್ಕೂ ಯೋಚಿಸುತ್ತಿದ್ದದ್ದು ಒಂದೇ: ಹೇಳುವುದನ್ನು ಕೊಯಮತ್ತೂರು ಮುಟ್ಟುವವರೆಗೆ ಹೇಗೆ ಮುಂದೂಡುವುದು?

ಮುಂದೂಡಲು ಆಗಲಿಲ್ಲ. ನಾನು ಕ್ವಾರ್ಟರ್ಸ್ ಒಳಗೆ ಕಾಲಿಟ್ಟು ಬೂಟು ಬಿಚ್ಚುತ್ತಿದ್ದಾಗಲೇ ಲೈನ್ ಮನೆಗಳ ಕಡೆಯಿಂದ ಕೂಗು ಕೇಳಿಸಿತು. ಆನೆಗಳು. ಹಿಂಡು ಚಹಾ ತೋಟ ದಾಟಿ ಲೈನ್ ಮನೆಗಳ ಕೆಳಗಿನ ರಸ್ತೆಗೆ ಬಂದು ನಿಂತಿತ್ತು, ಅದರಲ್ಲಿ ಮರಿಯೂ ಇತ್ತು. ವಾಚರ್ ನಮ್ಮ ಬಾಗಿಲು ತಟ್ಟಿ, ಯಾರೂ ಹೊರಗೆ ಬರಬೇಡಿ, ಮರಿ ಇದೆ, ಅವುಗಳಾಗಿ ಹೋಗುವವರೆಗೆ ಕಿಟಕಿಯನ್ನೂ ತೆಗೆಯಬೇಡಿ ಅಂತ ಹೇಳಿ ಓಡಿದರು. ಪೊಲ್ಲಾಚಿಗೆ ಇಳಿಯುವ ಮಧ್ಯಾಹ್ನದ ಬಸ್ಸಿಗೆ ನಾವು ಹೊರಡಬೇಕಿತ್ತು. ಹೊರಗೆ ಮಳೆ ಶುರುವಾಯಿತು. ಒಂದು ಮಂಚ, ಒಂದು ಕುರ್ಚಿ, ಕರೆಂಟು ಹೋದ ಕೋಣೆ, ನಾವಿಬ್ಬರು, ಮೂಲೆಯಲ್ಲಿ ಆ ಚೀಲ.

ಮೇಡಂ ಕಣ್ಣಿಗೆ ಅದು ಬಿತ್ತು. "ಸಿಕ್ತಾ ಅಮ್ಮಣಿ? ಕೊಡು, ನೋಡೋಣ."

"ಆಮೇಲೆ ನೋಡೋಣ ಮೇಡಂ, ಒದ್ದೆ ಇದೆ."

"ಒದ್ದೆ ಆದ್ರೆ ಏನು? ಇಲ್ಲಿ ಕೂತು ಬೇರೆ ಏನು ಮಾಡೋದು? ಕೊಡು."

ಕೊಟ್ಟೆ. ಅವರು ಕಿಟಕಿಯ ಗಾಜಿನ ಬೆಳಕಿಗೆ ಗಿಡ ಹಿಡಿದರು. ಕೊರಳಲ್ಲಿ ಸದಾ ತೂಗುತ್ತಿದ್ದ ಮಸೂರವನ್ನು ಕಣ್ಣಿಗೆ ಹಚ್ಚಿದರು. ಬುಡದಿಂದ ಮೇಲಕ್ಕೆ, ಮೇಲಿಂದ ಬುಡಕ್ಕೆ ನೋಡಿದರು. ಹೊರಗೆ ಆನೆಯೊಂದು ತಗಡಿನ ಶೀಟನ್ನು ತಳ್ಳಿದ ಸದ್ದಾಯಿತು. ಅವರು ತಲೆ ಎತ್ತಲಿಲ್ಲ.

"ಎರಡು ಗಿಡ ಸೇರ್ಕೊಂಡಿದೆ" ಅಂದರು.

"ಇಲ್ಲ ಮೇಡಂ. ಒಂದೇ."

ಮಂಚದ ಮೇಲೆ ಪೇಪರ್ ಹಾಸಿ, ತಟ್ಟೆಯ ನೀರಿನಲ್ಲಿ ಬೇರು ತೊಳೆದು, ಬೆರಳಲ್ಲಿ ಬಿಡಿಸಿ ಬಿಡಿಸಿ ನೋಡಿದರು. ಒಂದೇ ಬೇರು, ಒಂದೇ ಕಾಂಡ. ನಾನು ಮರ ಬಿದ್ದದ್ದು, ಬೆಳಕು ಬಂದದ್ದು, ಉಳಿದ ಗಿಡಗಳು ಹೇಗಿದ್ದವು ಎಂಬುದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿಯೇ ನನಗೆ ಕ್ರೂರವಾಗಿ ಕೇಳಿಸಿತು. ನಿಲ್ಲಿಸಿದೆ.

"ನಿನಗೆ ಊರಿಗೆ ಹೋಗ್ಬೇಕು" ಅಂದರು ಮೇಡಂ. "ಅದಕ್ಕೆ ಹೀಗೆ ಹೇಳ್ತೀಯ. ಸೀಕ್ರ ಮುಗಿಸ್ಬೇಕು ನಿನಗೆ."

"ಸೀಕ್ರ ಮುಗೀಬೇಕಂದ್ರೆ ನೀವು ಹೇಳಿದ್ದನ್ನೇ ಬರೀತಿದ್ದೆ, ಮೇಡಂ."

ಅಷ್ಟು ಒರಟಾಗಿ ಅವರೊಡನೆ ನಾನು ಎಂದೂ ಮಾತಾಡಿರಲಿಲ್ಲ. ಅವರು ನನ್ನನ್ನು ನೋಡಿದರು. ಅಳುತ್ತಾರೇನೋ ಅಂದುಕೊಂಡೆ. ಅಳಲಿಲ್ಲ. "ಇದನ್ನ ಬಿಸಾಡಿಬಿಡು" ಅಂದರು ಮೆಲ್ಲಗೆ. "ಯಾರು ನೋಡಿದಾರೆ? ನೀನು, ನಾನು. ಆ ವಾಚರ್‌ಗೆ ಇದೆಲ್ಲ ತಿಳೀದು. ಬಿಸಾಡು ಕಣ್ಣು. ಅಮ್ಮ ಇನ್ನು ಎಷ್ಟು ದಿವಸ ಇರ್ತಾಳೆ ಹೇಳು?"

ಬಾಗಿಲು ತೆಗೆಯುವಂತಿಲ್ಲ, ಕಿಟಕಿ ತೆಗೆಯುವಂತಿಲ್ಲ. ಬಿಸಾಡಬೇಕೆಂದರೂ ಎಲ್ಲಿಗೆ? ಆ ಯೋಚನೆ ಬಂದು, ಅಂಥ ಹೊತ್ತಿನಲ್ಲೂ ನಗು ಬಂತು, ನುಂಗಿಕೊಂಡೆ. ಗಿಡವನ್ನು ಮುಟ್ಟಲಿಲ್ಲ. ಅವರೂ ಮುಟ್ಟಲಿಲ್ಲ. ಪೇಪರಿನ ಮೇಲೆ ಅದು ಬಾಡುತ್ತ ಬಿದ್ದಿತ್ತು. ನಾವು ಮಂಚದ ಆ ತುದಿ ಈ ತುದಿಯಲ್ಲಿ ಕೂತೆವು. ಗಾಜಿನಾಚೆ ಬೂದು ಬೆನ್ನುಗಳು ಮಳೆಯಲ್ಲಿ ಮೆಲ್ಲಗೆ ಅಲ್ಲಾಡುತ್ತಿದ್ದವು. ಮರಿ ತಾಯಿಯ ಕಾಲುಗಳ ನಡುವೆ ನುಸುಳಿ, ಮತ್ತೆ ಈಚೆ ಬಂದು, ನಮ್ಮ ಜಗಲಿಯ ಕಂಬವನ್ನು ಸೊಂಡಿಲಿನಿಂದ ಮುಟ್ಟಿ ನೋಡಿತು. ಕೋಣೆಯಲ್ಲಿ ಉಸಿರು ಕಟ್ಟುತ್ತಿತ್ತು. ಬೆಳಿಗ್ಗೆ ಕಟ್ಟಿಸಿಕೊಂಡಿದ್ದ ಇಡ್ಲಿ ಪೊಟ್ಟಣ ಬಿಚ್ಚಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೇಡಂ ಎದ್ದರು. ತಮ್ಮ ಚೀಲದಿಂದ ಹಳೆಯ ನ್ಯೂಸ್ ಪೇಪರ್ ತೆಗೆದರು. ಬಾಡಿದ ಗಿಡವನ್ನು ಅದರ ಮೇಲೆ ಮಲಗಿಸಿ, ಹಳದಿ ಎಲೆಗಳನ್ನೂ ಹಸಿರು ಎಲೆಗಳನ್ನೂ ಒಂದರ ಮೇಲೊಂದು ಬೀಳದಂತೆ ಬೆರಳ ತುದಿಯಿಂದ ಹರಡಿದರು. ಮಡಚಿಕೊಂಡಿದ್ದ ಒಂದು ಎಲೆಯನ್ನು ಉಗುರಿನಿಂದ ತಿರುವಿ ಸರಿಮಾಡಿದರು. ಪೇಪರ್ ಮಡಿಸಿ, ಗಿಡ ಒತ್ತುವ ಹಲಗೆಗಳ ನಡುವೆ ಇಟ್ಟು, ಪಟ್ಟಿ ಬಿಗಿದರು. ಬಿಗಿಯಲು ಅವರ ಕೈಗೆ ಶಕ್ತಿ ಸಾಲಲಿಲ್ಲ. ನಾನು ಹೋಗಿ ಇನ್ನೊಂದು ತುದಿ ಎಳೆದೆ.

ಆನೆಗಳು ಸಂಜೆ ಹೊತ್ತಿಗೆ ಹೋದವು. ನಾವು ಮರುದಿನ ಇಳಿದೆವು. ತಿರುವುಗಳ ಉದ್ದಕ್ಕೂ ಅವರು ಕಣ್ಣು ಮುಚ್ಚಿ ಕೂತಿದ್ದರು.

ಆಮೇಲಿನ ತಿಂಗಳುಗಳು ನನ್ನ ಪಾಲಿಗೆ ಆ ಕೋಣೆಗಿಂತ ಇಕ್ಕಟ್ಟು. ಮೇಡಂ ಬೈಯಲಿಲ್ಲ, ತಡೆಯಲೂ ಇಲ್ಲ. ನನ್ನ ಪ್ರಬಂಧದ ವಿಷಯ ಬದಲಾಯಿತು. ಹೊಸ ಜಾತಿ ಹೋಗಿ, ಬೆಳಕಿಗೆ ತಕ್ಕಂತೆ ಎಲೆಯ ರೂಪ ಹೇಗೆ ಬದಲಾಗುತ್ತದೆ ಎಂಬುದು ಬಂತು. ಬರೆದುಕೊಟ್ಟ ಅಧ್ಯಾಯಗಳನ್ನೆಲ್ಲ ಓದಿದರು, ಕಾಮಾ ಸಹಿತ ತಿದ್ದಿದರು. ಆದರೆ ಕನ್ನಡದಲ್ಲಿ ಮಾತಾಡುವುದನ್ನು ನಿಲ್ಲಿಸಿಬಿಟ್ಟರು. ಎಲ್ಲರೊಡನೆ ಆಡುವ ಇಂಗ್ಲಿಷಿನಲ್ಲೇ ನನ್ನೊಡನೆಯೂ. ಅಮ್ಮಣಿ ಹೋಯಿತು, ಕಣ್ಣು ಹೋಯಿತು. ಆ ಕತ್ತಲೆ ಹರ್ಬೇರಿಯಂನಲ್ಲಿ ನನಗಿದ್ದ ಒಂದು ಗೂಡು ಅದು. ಬೇಕೆಂದೇ ಒಮ್ಮೆ ಕನ್ನಡದಲ್ಲಿ, "ಮೇಡಂ, ಅಮ್ಮ ಹೇಗಿದ್ದಾರೆ?" ಅಂತ ಕೇಳಿದೆ. "ಶೀ ಈಸ್ ಫೈನ್" ಅಂದು ಪುಟ ತಿರುವಿದರು.

ಸಹಿ ಹಾಕಿದರು. ನಿವೃತ್ತರಾದರು. ನನ್ನ ಮೌಖಿಕ ಪರೀಕ್ಷೆಯ ದಿನ ಬಂದು ಮೊದಲ ಸಾಲಿನಲ್ಲಿ ಕೂತರು. ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಈ ಮೂರೆಲೆ ರೂಪವನ್ನು ಮೊದಲು ಗಮನಿಸಿದವರು ಯಾರು?" ಅಂತ ಕೇಳಿದರು. ನಾನು ಮೇಡಂ ಕಡೆ ಕೈ ತೋರಿಸಿದೆ. ಅವರು ಎದ್ದು ನಿಲ್ಲಲಿಲ್ಲ. ಕೂತಲ್ಲೇ ತಲೆಯಾಡಿಸಿದರು. ಮುಗಿದ ಮೇಲೆ ಎಲ್ಲರಿಗೂ ಕಾಫಿ ಕೊಡುವಾಗ ನನ್ನ ಹತ್ತಿರ ಬಂದು, ಎಷ್ಟೋ ತಿಂಗಳ ನಂತರ, ಕನ್ನಡದಲ್ಲಿ ಅಂದರು: "ಭಾನುವಾರ ನೆಗಮಂಗೆ ಬಾ. ಅಮ್ಮನಿಗೆ ನೀನೇ ಹೇಳ್ಬೇಕು. ನನಗೆ ಬಾಯಿ ಬರಲ್ಲ."

ಹೋದೆ. ಅಮ್ಮ ಮಗ್ಗದ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನಾನು ಅವರ ಕಾಲ ಬುಡದಲ್ಲಿ ಕೂತು, ಆ ಹೂವು ಹೊಸದಲ್ಲ, ಅದಕ್ಕೆ ಮುಂಚೆಯೇ ಹೆಸರಿತ್ತು ಅಂತ ಹೇಳಿದೆ. ಅವರು ಮಗಳ ಮುಖ ನೋಡಿದರು. ಮಗಳು ನೆಲ ನೋಡುತ್ತಿದ್ದರು.

"ಯಾರ ಹೆಸ್ರು ಅದಕ್ಕೆ?" ಅಂದರು ಅಮ್ಮ.

"ಯಾರದೂ ಅಲ್ಲಮ್ಮ. ಕಾಯಿ ಮೇಲೆ ಕೂದಲಿರ್ತದೆ. ಕೂದಲುಕಾಯಿ ಅನ್ನೋ ಅರ್ಥದ ಹೆಸರು."

"ಅಯ್ಯಯ್ಯೋ! ಅಂಥ ಪೂಗೆ ನನ್ ಹೆಸ್ರು ಇಡ್ಬೇಕೂಂತ ಇದ್ರಾ?" ಅಂತ ಅವರು ನಕ್ಕರು. ಬಾಯಿಯ ಖಾಲಿ ವಸಡೆಲ್ಲ ಕಾಣುವಂತೆ ನಕ್ಕರು. ಮೇಡಂ ಮೊದಲು ಬೆರಗಾಗಿ ನೋಡಿದರು. ಆಮೇಲೆ ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ನಗು ನಿಂತ ಮೇಲೆ ಅಮ್ಮನ ಮುಖ ಸಪ್ಪಗಾಯಿತು. ಅವರಿಗೆ ಆಸೆ ಇತ್ತು, ಇರಲಿಲ್ಲ ಅಂತ ಹೇಗೆ ಹೇಳಲಿ? ನನ್ನ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು ಕೂತರು. ಅಂದು ಊಟ ಮಾಡಿಸದೆ ಕಳಿಸಲಿಲ್ಲ.

ಅವ್ವ ಅಂದುಕೊಂಡಂತೆ ನಾನು ಊರಿಗೆ ಹೋಗಲಿಲ್ಲ. ಪೊಲ್ಲಾಚಿ ಹತ್ತಿರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಊರಿನ ಕಡೆ ಒಂದು ಕೆಲಸ ಸಿಕ್ಕಿತ್ತು. ಅದನ್ನು ಬಿಟ್ಟದ್ದು ಯಾಕೆ ಅಂತ ಅವ್ವನಿಗೂ ಹೇಳಲಾಗಲಿಲ್ಲ, ನನಗೂ ಪೂರ್ತಿ ತಿಳಿಯದು. ಅಷ್ಟು ವರ್ಷ ಬಿಡುಗಡೆಗೆ ಒದ್ದಾಡಿ, ಬಾಗಿಲು ತೆರೆದಾಗ ಎಲ್ಲಿಗೆ ಹೊರಟಿದ್ದೆನೆಂಬುದೇ ಮರೆತಿತ್ತು.

ಮೇಡಂ ಈಗ ನೆಗಮಂನಲ್ಲೇ ಇದ್ದಾರೆ. ಮಂಡಿಯ ಆಪರೇಷನ್ ಆಗಿದೆ. ವಾರಕ್ಕೊಮ್ಮೆಯಾದರೂ ಫೋನ್ ಬರುತ್ತದೆ. ಹೋದ ತಿಂಗಳು ಕರೆ ಮಾಡಿದಾಗ ಅವರ ಹಿತ್ತಲಿನ ಕಾಲುವೆ ಪಕ್ಕ ಕಡುಗು ಜಾತಿಯ ಒಂದು ಕಳೆ ಹುಟ್ಟಿದೆ ಅಂದರು. ಸಾಸಿವೆಗೆ ಅವರ ಬಾಯಲ್ಲಿ ಇಂದಿಗೂ ಕಡುಗು ಅಂತಲೇ.

"ಹಳದಿ ಹೂ. ಒಂದು ಗಿಡದಲ್ಲಿ ಎಸಳಿದೆ, ಪಕ್ಕದ್ದರಲ್ಲಿ ಎಸಳೇ ಇಲ್ಲೆ. ಎರಡು ಜಾತೀನಾ, ಒಂದೇನಾ, ನನ್ ಕಣ್ಣಿಗೆ ಈಗ ಸರಿಯಾಗಿ ಕಾಣಲ್ಲ. ಎಪ್ಪ ಬರ್ತೀಯ?"

ಶನಿವಾರ ಪಾಠವಿತ್ತು. ಇನ್ನೊಬ್ಬರಿಗೆ ವಹಿಸಿ ಬೆಳಿಗ್ಗೆಯ ಬಸ್ಸು ಹಿಡಿದೆ.